ಒಳಗೆ ದರ್ಭೆ, ಅಂಗಳದಲ್ಲಿ ಗ್ರಹಣ

(ಕಾಸರಗೋಡು ಜಿಲ್ಲೆಯ ಗಡಿಭಾಗದ ಊರೊಂದರ ವಾಚನಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ)

ಹಿರಿಯರೇ, ಅಕ್ಕ ತಂಗಿಯರೇ, ನನ್ನ ಹಳೆಯ ವಿದ್ಯಾರ್ಥಿಗಳೇ,

ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯವನ್ನು ‘ನಂಬಿಕೆಯೋ ವಿಜ್ಞಾನವೋ’ ಎಂದು ಅಚ್ಚು ಹಾಕಿಸಿದ್ದಾರೆ. ಮೊದಲೇ ಕೇಳಿದ್ದರೆ ಆ ಎರಡು ‘ಓ’ಗಳನ್ನು ತೆಗೆಸುತ್ತಿದ್ದೆ. ಮೂವತ್ತು ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಕಲಿಸಿದವನು ನಾನು. ವರ್ಷಕ್ಕೊಮ್ಮೆ ಮನೆಯ ನಾಗನಿಗೆ ತಂಬಿಲದ ಪೂಜೆ ಕೊಡಿಸುವವನೂ ನಾನೇ. ಇದು ಅಥವಾ ಅದು ಎಂದು ಆರಿಸಿಕೊಳ್ಳುವ ಪ್ರಸಂಗ ನನಗೆ ಬಂದದ್ದಿಲ್ಲ. ಹಾಗೆಂದು, ಎರಡೂ ತಾವಾಗಿಯೇ ಹೊಂದಿಕೊಂಡು ಹೋಗುತ್ತವೆ, ನೀವು ಚಿಂತೆ ಮಾಡಬೇಡಿ ಎಂದು ಹೇಳುವುದಕ್ಕೂ ನಾನು ಬಂದಿಲ್ಲ. ಹೊಂದಿಕೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಗುಡ್ಡಗಳ ಬುಡದಲ್ಲೇ ಕಂಡವರು ನಾವು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಗ್ರಹಣದ ಮಾತು.

2019ರ ಡಿಸೆಂಬರ್ 26 ನಿಮಗೆಲ್ಲ ನೆನಪಿರಬೇಕು. ಕಂಕಣ ಸೂರ್ಯಗ್ರಹಣ. ಅದನ್ನು ನೋಡಲು ನಮ್ಮ ಜಿಲ್ಲೆಯ ಚೆರುವತ್ತೂರಿಗೆ ಎಲ್ಲೆಲ್ಲಿಂದಲೋ ಜನ ಬಂದಿದ್ದರು. ನಮ್ಮ ಮನೆ ಇರುವಲ್ಲೂ ಕಂಕಣ ಕಾಣುತ್ತಿತ್ತು. ಹಿಂದಿನ ದಿನವೇ ನೆರೆಮನೆಗಳ ಮಕ್ಕಳನ್ನು ಬರಹೇಳಿ, ಸೌರ ಕನ್ನಡಕ ಹಂಚಿ, ಬರಿಗಣ್ಣಲ್ಲಿ ನೋಡಬಾರದೆಂದು ಹತ್ತು ಸಲ ಹೇಳಿದ್ದೆ. ಒಳಗೆ ಅಮ್ಮ. ರಾತ್ರಿಯೇ ಊಟ ಮುಗಿಸಿ, ನೀರಿನ ಕೊಡಪಾನಕ್ಕೂ ಉಪ್ಪಿನಕಾಯಿ ಭರಣಿಗೂ ದರ್ಭೆ ಹಾಕಿ, ಬೆಳಗ್ಗೆ ಎಂಟಕ್ಕೆ ಸ್ಪರ್ಶ ಆಗುವ ಮೊದಲೇ ಸ್ನಾನ ಮಾಡಿ ಜಪಕ್ಕೆ ಕೂತಿದ್ದರು. ನಾನು ಅವರನ್ನು ಹೊರಗೆ ಕರೆಯಲಿಲ್ಲ. ಅವರು ನನ್ನನ್ನು ಒಳಗೆ ಕರೆಯಲಿಲ್ಲ. ನಮ್ಮಿಬ್ಬರ ನಡುವೆ ಬಹಳ ವರ್ಷಗಳ ಹಿಂದೆಯೇ ಆದ ಒಪ್ಪಂದ ಅದು.

ಒಂಬತ್ತೂಕಾಲು ದಾಟಿತು. ಬಿಸಿಲು ಇದ್ದೂ ಇಲ್ಲದ ಹಾಗೆ, ಹಿತ್ತಾಳೆಯ ಬಣ್ಣಕ್ಕೆ ತಿರುಗಿತು. ಕೋಳಿಗಳು ಹಟ್ಟಿಯ ಕಡೆ ಹೊರಟವು. ಮಕ್ಕಳು ಕೂಗಿದರು, ನಾನೂ ಮೇಲೆ ನೋಡಿದೆ. ಅಷ್ಟರಲ್ಲಿ ಒಳಗಿನಿಂದ ಅಮ್ಮನ ದನಿ: ‘‘ಇದೆಂತ ಮಗಾ, ಅಂಗಳ ಇಡೀ ಬಳೆ ಬಳೆ ಬಿದ್ದ ಹಾಗೆ ಉಂಟಲ್ಲ!’’

ತಿರುಗಿ ನೋಡಿದರೆ ಹೌದು. ಸೆಗಣಿ ಸಾರಿಸಿದ ಅಂಗಳದ ಮೇಲೆ ಹಲಸಿನ ಮರದ ನೆರಳಿನೊಳಗೆ ನೂರಾರು ಬೆಳಕಿನ ಬಳೆಗಳು. ಎಲೆ ಎಲೆಗಳ ಸಂದು ಒಂದೊಂದೂ ಒಂದೊಂದು ಸೂಜಿರಂಧ್ರವಾಗಿ, ಒಂದೊಂದು ಸೂರ್ಯನನ್ನು ನೆಲಕ್ಕೆ ಇಳಿಸಿತ್ತು. ಗಾಳಿ ಬೀಸಿದರೆ ಬಳೆಗಳೆಲ್ಲ ಒಟ್ಟಿಗೆ ಅಲುಗುತ್ತಿದ್ದವು. ಬೇರೆ ದಿನಗಳಲ್ಲೂ ಮರದಡಿಯಲ್ಲಿ ಬೀಳುವ ದುಂಡು ಬೆಳಕಿನ ಬಿಲ್ಲೆಗಳು ಸೂರ್ಯನ ಬಿಂಬಗಳೇ; ಅವತ್ತು ಸೂರ್ಯ ಬಳೆಯಾದ್ದರಿಂದ ಅವೂ ಬಳೆಯಾದವು. ಅಮ್ಮ ಹೊಸಿಲು ದಾಟಲಿಲ್ಲ, ಆಕಾಶ ನೋಡಲಿಲ್ಲ, ಜಪಮಾಲೆ ಕೆಳಗಿಡಲಿಲ್ಲ. ಆದರೂ ನಮ್ಮೆಲ್ಲರಿಗಿಂತ ಚೆಂದದ ಗ್ರಹಣ ಕಂಡದ್ದು ಅವರಿಗೇ. ಮೋಕ್ಷದ ಸ್ನಾನ ಆದ ಮೇಲೆ ಅವರು ನನ್ನಲ್ಲಿ ಕೇಳಿದ್ದು, ಎಲೆಯ ಸಂದು ಚೌಕ ಇದ್ದರೂ ಬೆಳಕು ದುಂಡಗೇ ಬೀಳುವುದು ಹೇಗೆ ಎಂದು. ಒಂಬತ್ತನೇ ತರಗತಿಯಲ್ಲಿ ನಾನು ವರ್ಷವರ್ಷವೂ ಕಾಯುತ್ತಿದ್ದ ಪ್ರಶ್ನೆ ಅದು.

ಇಷ್ಟನ್ನು ಕೇಳಿ ‘‘ನೋಡಿ, ಎಷ್ಟು ಸುಲಭ’’ ಎನ್ನಬಹುದು. ಗ್ರಹಣದ ಮಟ್ಟಿಗೆ ಸುಲಭವೇ. ಯಾಕೆಂದರೆ ಅಲ್ಲಿ ಜಗಳ ನಮ್ಮ ಹಿರಿಯರೇ ತೀರಿಸಿಬಿಟ್ಟಿದ್ದಾರೆ. ಅಮ್ಮ ಸ್ನಾನದ ಹೊತ್ತು ನೋಡುವ ಪಂಚಾಂಗ, ನಾನು ಮಕ್ಕಳಿಗೆ ಬರೆದು ಕೊಟ್ಟ ಹೊತ್ತು, ಎರಡೂ ಬರುವುದು ನೆರಳಿನ ಲೆಕ್ಕದಿಂದ. ಚಂದ್ರಗ್ರಹಣ ಭೂಮಿಯ ನೆರಳಿನಿಂದ, ಸೂರ್ಯಗ್ರಹಣ ಚಂದ್ರ ಅಡ್ಡ ಬರುವುದರಿಂದ ಎಂದು ಆರ್ಯಭಟ ಬರೆದದ್ದು ಸಾಮಾನ್ಯ ಶಕ 499ರ ಸುಮಾರಿಗೆ. ಇನ್ನೊಬ್ಬರನ್ನು ನಾವು ಕಾಸರಗೋಡಿನವರು ಹೆಮ್ಮೆಯಿಂದ ನೆನೆಯಬೇಕು. ಕೇರಳದ ನಿಳಾ ನದಿಯ ತೀರದ ಪರಮೇಶ್ವರ ಎಂಬ ನಂಬೂದಿರಿ. ಅವರ ಕಾಲದಲ್ಲಿ ‘ಪರಹಿತ’ ಎಂಬ ಪದ್ಧತಿಯಿಂದ ಲೆಕ್ಕ ಹಾಕುತ್ತಿದ್ದರು, ಅದಾಗಲೇ ಏಳುನೂರು ವರ್ಷ ಹಳೆಯದು. ಲೆಕ್ಕದಲ್ಲಿ ಬಂದ ಹೊತ್ತಿಗೂ ಆಕಾಶದಲ್ಲಿ ಆಗುವುದಕ್ಕೂ ವ್ಯತ್ಯಾಸ ಬರುತ್ತಿತ್ತು. ಪರಮೇಶ್ವರರು ಐವತ್ತೈದು ವರ್ಷ ಗ್ರಹಣಗಳನ್ನೂ ಗ್ರಹಗಳನ್ನೂ ಕಣ್ಣಾರೆ ನೋಡಿ, ಬರೆದಿಟ್ಟು, 1431ರಲ್ಲಿ ಹೊಸ ಪದ್ಧತಿ ಕೊಟ್ಟರು. ಅದರ ಹೆಸರು ‘ದೃಗ್ಗಣಿತ’. ಕಣ್ಣಿಗೆ ಕಂಡದ್ದಕ್ಕೆ ಸರಿಹೊಂದುವ ಗಣಿತ.

ಈ ಹೆಸರನ್ನು ಸ್ವಲ್ಪ ಹೊತ್ತು ನಾಲಗೆಯ ಮೇಲೆ ಇಟ್ಟುಕೊಳ್ಳಿ. ಅವರು ನಾಸ್ತಿಕರಲ್ಲ. ಸಂಧ್ಯಾವಂದನೆ ಬಿಟ್ಟವರಲ್ಲ. ಸರಿಯಾದ ಹೊತ್ತಿಗೆ ಕರ್ಮ ನಡೆಯಬೇಕು ಎನ್ನುವ ಪರಂಪರೆಯಲ್ಲಿ ಹುಟ್ಟಿದವರು. ಆದರೆ ಹಿರಿಯರ ಗ್ರಂಥಕ್ಕೂ ಆಕಾಶಕ್ಕೂ ಹೊಂದಿಕೆಯಾಗದಿದ್ದರೆ ತಿದ್ದಬೇಕಾದ್ದು ಗ್ರಂಥವನ್ನು ಎಂದು ಅವರಿಗೆ ಗೊತ್ತಿತ್ತು. ಹಾಗೆ ತಿದ್ದಿದ್ದರಿಂದ ಅವರ ಭಕ್ತಿಗೆ ಕುಂದು ಬರಲಿಲ್ಲ.

ನನ್ನ ಸಹೋದ್ಯೋಗಿಯೊಬ್ಬರು, ಗಣಿತದ ಮಾಷ್ಟ್ರು, ಮಧ್ಯಾಹ್ನದ ಗಂಟೆ ಹೊಡೆದ ಕೂಡಲೇ ಮಸೀದಿಗೆ ಹೋಗಿ ನಮಾಜು ಮುಗಿಸಿ ಬಂದು ಊಟದ ಡಬ್ಬಿ ತೆರೆಯುತ್ತಿದ್ದರು. ರಂಝಾನ್ ಚಂದ್ರದರ್ಶನದ ಬಗ್ಗೆ ಅವರು ಹೇಳುತ್ತಿದ್ದದ್ದು ಹೀಗೆ: ಕಣ್ಣಿಂದ ಕಾಣಬೇಕು ಎನ್ನುವುದು ನಮ್ಮ ನಿಯಮ, ಯಾವ ಸಂಜೆ ಕಾಣಲು ಸಾಧ್ಯವೇ ಇಲ್ಲ ಎಂದು ಹೇಳುವುದು ಗಣಿತ, ಎರಡನ್ನೂ ಗೊತ್ತು ಮಾಡಿಕೊಂಡರೆ ಸುಳ್ಳು ಚಂದ್ರ ಕಾಣುವುದಿಲ್ಲ.

ಇನ್ನು ಸುಲಭವಲ್ಲದ್ದಕ್ಕೆ ಬರುತ್ತೇನೆ.

ನಮ್ಮ ಎಣ್ಮಕಜೆಯ ಪಡ್ರೆ, ಸ್ವರ್ಗ, ವಾಣಿನಗರದ ಕಡೆ ಗುಡ್ಡದ ನೆತ್ತಿಯಲ್ಲೆಲ್ಲ ಗೇರುತೋಟ. ಜಿಲ್ಲೆಯಲ್ಲಿ ಒಟ್ಟು ಸುಮಾರು 4,600 ಹೆಕ್ಟೇರು. ಗೇರಿನ ಚಿಗುರು, ಹೂ ಹೀರುವ ಚಹಾ ಸೊಳ್ಳೆ ಎಂಬ ಕೀಟಕ್ಕೆಂದು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ, ಇಪ್ಪತ್ತು ವರ್ಷಕ್ಕೂ ಮಿಕ್ಕಿ. ನಮ್ಮ ಊರುಗಳ ಇಳಿಜಾರು ನಿಮಗೆ ಗೊತ್ತು. ನೆತ್ತಿಯಲ್ಲಿ ತೋಟ, ಕೆಳಗೆ ಮನೆ, ಮನೆಯ ಹಿಂದೆ ಮುರಕಲ್ಲು ಕೊರೆದು ಮಾಡಿದ ಸುರಂಗ. ಆ ಸುರಂಗದ ನೀರನ್ನೇ ಕುಡಿಯುವುದು, ಆ ತೋಡಿನಲ್ಲೇ ಮೀಯುವುದು. ಮೇಲೆ ಬಿದ್ದದ್ದು ಕೆಳಗೆ ಬಾರದೆ ಎಲ್ಲಿಗೆ ಹೋದೀತು?

ಮಕ್ಕಳು ಹುಟ್ಟತೊಡಗಿದರು. ತಲೆ ಮಾತ್ರ ದೊಡ್ಡದಾಗಿ ಬೆಳೆಯುವವರು, ಕೈಕಾಲು ಸ್ವಾಧೀನ ಇಲ್ಲದವರು, ಅಪಸ್ಮಾರದವರು. ಊರವರು ದೈವದ ಮುನಿಸು ಎಂದರು. ನಾಗದೋಷ ಎಂದರು. ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸಿದರು, ಬಲಿ ಮಾಡಿಸಿದರು, ಅಡಿಕೆ ಮಾರಿದ ದುಡ್ಡೆಲ್ಲ ಅದಕ್ಕೆ ಹೋಯಿತು.

ಆಗ ನಾನು ಕೆಲಸಕ್ಕೆ ಸೇರಿ ಎರಡೋ ಮೂರೋ ವರ್ಷ. ನನ್ನ ತರಗತಿಯ ಹುಡುಗನೊಬ್ಬ ವಾರಗಟ್ಟಲೆ ಬಾರದಿದ್ದಾಗ ಮನೆ ಹುಡುಕಿಕೊಂಡು ಹೋದೆ. ಜಗಲಿಯಲ್ಲಿ ಚಾಪೆಯ ಮೇಲೆ ಅವನ ತಮ್ಮ ಮಲಗಿದ್ದ. ಏಳು ವರ್ಷದ ಮಗು, ಮೂರು ವರ್ಷದ್ದರ ಹಾಗೆ ಕಾಣುತ್ತಿತ್ತು. ಬಲಗೈಯ ಮಣಿಕಟ್ಟಿನಲ್ಲಿ ಮೂರು ನೂಲು. ಕಪ್ಪು ನೂಲು ಮಂತ್ರವಾದಿಯದು, ಹಸಿರು ನೂಲು ದರ್ಗಾದಿಂದ ತಂದದ್ದು, ಕೆಂಪು ನೂಲು ದೇವಸ್ಥಾನದ್ದು. ಗೋಡೆಯ ಮೊಳೆಯಲ್ಲಿ ಪ್ಲಾಸ್ಟಿಕ್ ಚೀಲ, ಒಳಗೆ ಮಂಗಳೂರಿನ ಆಸ್ಪತ್ರೆಗಳ ಚೀಟಿಗಳು. ತಾಯಿ ನನ್ನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ‘‘ನಾವು ಎಂತ ತಪ್ಪು ಮಾಡಿದ್ದೇವೆ ಮಾಷ್ಟ್ರೇ?’’

ನಾನು ಆ ನೂಲುಗಳನ್ನು ತೋರಿಸಿ, ಇದೆಲ್ಲ ಮೂಢನಂಬಿಕೆ, ದುಡ್ಡು ಹಾಳು ಮಾಡಬೇಡಿ ಎಂದೆ. ಅವರು ಏನೂ ಹೇಳಲಿಲ್ಲ. ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ. ಹುಡುಗ ಆ ವರ್ಷ ಶಾಲೆಗೂ ಬರಲಿಲ್ಲ.

ನಾನು ಹೇಳಿದ ಮಾತಿನಲ್ಲಿ ಸುಳ್ಳಿರಲಿಲ್ಲ, ಆದರೆ ಅದು ಅವರ ಪ್ರಶ್ನೆಗೆ ಉತ್ತರವೂ ಆಗಿರಲಿಲ್ಲ. ಆ ತಾಯಿ ಕೇಳಿದ್ದು ನೂಲಿನ ವಿಷಯವಲ್ಲ. ತನ್ನ ಮಗುವಿನ ಈ ಸ್ಥಿತಿಗೆ ತಾನು ಕಾರಣವೇ ಎಂದು. ದೈವದ ಮುನಿಸು ಎಂಬ ವಿವರಣೆ ಅವರ ತಲೆಯ ಮೇಲೆ ಹೊರಿಸಿದ್ದ ಭಾರ ಅದು: ನಿಮ್ಮ ಮನೆಯಲ್ಲಿ ಯಾರೋ ಏನೋ ಮಾಡಿದ್ದೀರಿ, ಅದಕ್ಕೇ ಹೀಗೆ. ‘‘ತಪ್ಪು ನಿಮ್ಮದಲ್ಲಮ್ಮ’’ ಎಂದು ಹೇಳಬೇಕಾಗಿತ್ತು. ಅದನ್ನು ಹೇಳಲು ವಿಜ್ಞಾನ ಬೇಕಾಗಿತ್ತು. ಅದು ನನ್ನ ಬಾಯಿಗೆ ಬರಲಿಲ್ಲ, ಯಾಕೆಂದರೆ ನಾನು ವಿಜ್ಞಾನದಿಂದ ಅಳೆಯುವುದರ ಬದಲು ಬೈಯಲು ಹೊರಟಿದ್ದೆ.

ಅಳೆದವರು ಬೇರೆಯವರು. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಮನೆ ಎಲ್ಲಿ, ಕಾಯಿಲೆ ಏನು ಎಂದು ಗಮನಿಸುತ್ತ, ಬರೆದಿಡುತ್ತ ಬಂದರು. ಪತ್ರಕರ್ತ ಶ್ರೀ ಪಡ್ರೆಯವರು ಅಂಗವಿಕಲ ಕರುಗಳು ಹುಟ್ಟುವುದನ್ನು ಕಂಡು ಬಹಳ ಮೊದಲೇ ಎಚ್ಚರಿಸಿದ್ದರು. ಪೆರಿಯದ ಲೀಲಾಕುಮಾರಿ ಅಮ್ಮ, ಕೃಷಿ ಇಲಾಖೆಯ ನೌಕರರು, 1998ರಲ್ಲಿ ಕೋರ್ಟಿಗೆ ಹೋಗಿ ಸಿಂಪಡಣೆಗೆ ತಡೆ ತಂದರು. ಪಡ್ರೆಯ 117 ಹುಡುಗರನ್ನು ಸಿಂಪಡಣೆ ಇಲ್ಲದ ಊರಿನ 90 ಹುಡುಗರೊಡನೆ ಹೋಲಿಸಿ ನೋಡಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ, ಹಾರ್ಮೋನುಗಳಲ್ಲಿ ವ್ಯತ್ಯಾಸ ಇದೆ ಎಂದು ಅದರಲ್ಲಿ ಕಂಡಿತು. ತಾವು ನೋಡಿದ ಮಕ್ಕಳ ಸಂಖ್ಯೆ ಸಣ್ಣದು, ಅದು ನಮ್ಮ ಅಧ್ಯಯನದ ಮಿತಿ ಎಂದು ಅದೇ ಪ್ರಬಂಧದಲ್ಲಿ ಅಧ್ಯಯನ ಮಾಡಿದವರೇ ಬರೆದರು. ತನ್ನ ಕೊರತೆಯನ್ನು ತಾನೇ ಹೇಳಿಕೊಂಡ ಆ ಒಂದು ಸಾಲಿಗೆ ನಾನು ತಲೆಬಾಗುತ್ತೇನೆ. ಎಂಡೋಸಲ್ಫಾನಿಗೂ ಈ ಕಾಯಿಲೆಗಳಿಗೂ ಸಂಬಂಧವೇ ಇಲ್ಲ ಎಂದ ವರದಿಗಳೂ ಬಂದವು ಎನ್ನುವುದನ್ನು ಮರೆಯಬೇಡಿ. ವಿಜ್ಞಾನದ ಅಂಗಿ ಹಾಕಿಕೊಂಡ ಮಾತೆಲ್ಲ ವಿಜ್ಞಾನ ಅಲ್ಲ, ಕಾವಿ ಉಟ್ಟವರೆಲ್ಲ ಸನ್ಯಾಸಿಗಳಲ್ಲದ ಹಾಗೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ನಿಷೇಧ ಹೇರಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ತೀರ್ಪು ಕೊಟ್ಟಿತು. ಅದನ್ನು ಪಡೆಯಲೂ ತಾಯಂದಿರು ತಿರುವನಂತಪುರಕ್ಕೆ ಹೋಗಿ ಸೆಕ್ರೆಟೇರಿಯೆಟ್ ಎದುರು ಕೂರಬೇಕಾಯಿತು.

ಆ ನನ್ನ ಹುಡುಗನ ತಾಯಿಯೂ ಧರಣಿಗೆ ಹೋಗಿದ್ದರು. ಹೊರಡುವ ಮೊದಲು ದೈವಸ್ಥಾನದಲ್ಲಿ ಕೈಮುಗಿದು ಹೋಗಿದ್ದರು. ಎಷ್ಟೋ ವರ್ಷಗಳ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ಅವರೇ ಹೇಳಿದ ಮಾತು ಇದು. ನಾನು ಅವತ್ತಿನ ಮಾತಿಗೆ ಕ್ಷಮೆ ಕೇಳಿದೆ. ‘‘ಎಂತ ಮಾತು, ನನಗೆ ನೆನಪೇ ಇಲ್ಲ’’ ಎಂದರು. ನೆನಪಿತ್ತು ಎಂದು ಅವರ ಕಣ್ಣಲ್ಲಿ ಗೊತ್ತಾಗುತ್ತಿತ್ತು.

ನಾನು ಇಂದು ಹೇಳಲು ಬಂದದ್ದು ಇದರಲ್ಲೇ ಇದೆ. ಮಗುವಿನ ಕಾಯಿಲೆಗೆ ಕಾರಣ ಯಾವುದು ಎನ್ನುವ ಪ್ರಶ್ನೆಯನ್ನು ನಂಬಿಕೆ ತಾನೇ ಉತ್ತರಿಸಲು ಹೊರಟಾಗ ವಿಷ ಸಿಂಪಡಿಸಿದವರು ಇಪ್ಪತ್ತು ವರ್ಷ ಆರಾಮವಾಗಿ ಇದ್ದರು. ಆ ಮಗುವನ್ನು ಹೊತ್ತು ಬದುಕುವ ಬಲ ಎಲ್ಲಿಂದ ಎನ್ನುವ ಪ್ರಶ್ನೆಗೆ ನನ್ನಂಥವನು ವಿಜ್ಞಾನದ ಹೆಸರಲ್ಲಿ ಕೈ ಹಾಕಿದಾಗ ಒಂದು ಬಾಗಿಲು ಮುಚ್ಚಿತು. ಎರಡೂ ಸಲ ಪೆಟ್ಟು ಬಿದ್ದದ್ದು ಚಾಪೆಯ ಮೇಲೆ ಮಲಗಿದ್ದವನಿಗೆ. ಗೌರವ ಎಂದರೆ ಇನ್ನೊಬ್ಬರ ನಂಬಿಕೆಯನ್ನು ಮುಟ್ಟದೆ ದೂರ ನಿಲ್ಲುವುದಲ್ಲ. ಕಾರಣದ ಪ್ರಶ್ನೆ ಬಂದಾಗ ದೈವದ ಹೆಸರಿನಲ್ಲಿ ಬಾಗಿಲು ಹಾಕದಿರುವುದು ನಂಬುವವರ ಗೌರವ. ಆ ಪ್ರಶ್ನೆ ಕೇಳಿದ ಮನುಷ್ಯರನ್ನು ದಡ್ಡರೆಂದು ಎಣಿಸದಿರುವುದು ವಿಜ್ಞಾನ ಕಲಿತವರ ಗೌರವ.

ನಮ್ಮ ಸಂವಿಧಾನ ಬರೆದವರಿಗೆ ಇದು ಗೊತ್ತಿತ್ತು. 25ನೇ ವಿಧಿ ಧರ್ಮ ಆಚರಿಸುವ ಸ್ವಾತಂತ್ರ್ಯ ಕೊಡುತ್ತದೆ, ಆದರೆ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟು. ಆ ‘ಆರೋಗ್ಯ’ ಎಂಬ ಮಾತನ್ನು ನಮ್ಮ ಜಿಲ್ಲೆಯವರು ಅಡಿಗೆರೆ ಹಾಕಿ ಓದಬೇಕು. 1976ರಲ್ಲಿ ಸೇರಿಸಿದ ಮೂಲಭೂತ ಕರ್ತವ್ಯಗಳಲ್ಲಿ ವೈಜ್ಞಾನಿಕ ಮನೋಭಾವವೂ ಮಾನವೀಯತೆಯೂ ಒಂದೇ ವಾಕ್ಯದಲ್ಲಿವೆ. ಇನ್ನೊಂದು ಮಾತು. ಈ ಸಂವಿಧಾನದ ಮೂಲ ಸ್ವರೂಪವನ್ನು ಯಾವ ಸರಕಾರವೂ ಕೆಡಿಸುವಂತಿಲ್ಲ ಎಂದು 1973ರ ಏಪ್ರಿಲ್ 24ರಂದು ಹದಿಮೂರು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟದ್ದು ನಮ್ಮ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಹೂಡಿದ ದಾವೆಯಲ್ಲಿ. ಮಠದ ಭೂಮಿಯ ವಿಷಯಕ್ಕೆ ಶುರುವಾದದ್ದು, ಇಡೀ ದೇಶದ ಜನರ ಹಕ್ಕಿಗೆ ಕಾವಲಾಗಿ ನಿಂತಿತು.

ಹಾವಿನ ಸಂಗತಿ ಬೇಗ ಹೇಳಿ ಮುಗಿಸುತ್ತೇನೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಅಂದಾಜಿದೆ. ಕಚ್ಚಿದರೆ ನೇರ ಆಸ್ಪತ್ರೆ, ಪ್ರತಿವಿಷದ ಚುಚ್ಚುಮದ್ದು. ತಂಬಿಲ ಆಮೇಲೂ ಕೊಡಬಹುದು, ಬದುಕಿದ್ದರೆ. ಇದರಲ್ಲಿ ರಾಜಿಯೇ ಇಲ್ಲ. ಆದರೆ ನಾಗಬನದ ವಿಷಯದಲ್ಲಿ ನಾನು ನಿಮ್ಮ ಅಜ್ಜಂದಿರ ಪಕ್ಷ. ಕತ್ತಿ ತಾಗದ ಮರ, ಬಳ್ಳಿ, ಕೆಳಗೆ ತಂಪು ಮಣ್ಣು, ಅದರಡಿ ಇಂಗಿ ಸುರಂಗಕ್ಕೆ ಬರುವ ನೀರು, ಎಲ್ಲ ಆ ಭಯಭಕ್ತಿಯಿಂದ ಉಳಿದದ್ದು. ಈಗ ಜೀರ್ಣೋದ್ಧಾರ ಎಂದು ಮರ ಕಡಿದು ಕಾಂಕ್ರೀಟು ಕಟ್ಟೆ, ಟೈಲ್ಸು ಹಾಕಿಸುತ್ತಿದ್ದೇವೆ. ನಂಬಿಕೆಗೂ ಪರಿಸರಕ್ಕೂ ಒಂದೇ ಏಟಿನಲ್ಲಿ ಮಾಡುವ ಅನ್ಯಾಯ ಇದು. ನನಗೆ ಸಿಟ್ಟು ಬರುತ್ತದೆ.

ಅನಂತಪುರ ಕ್ಷೇತ್ರದ ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರ್ 9ರಂದು ತೀರಿಕೊಂಡಾಗ ಎದುರು ಕೂತಿರುವ ನಿಮ್ಮಲ್ಲೇ ಒಬ್ಬರು ನನಗೆ ಫೋನು ಮಾಡಿ, ‘‘ಮಾಷ್ಟ್ರೇ, ಮೊಸಳೆ ನೈವೇದ್ಯ ಮಾತ್ರ ತಿಂದು ಬದುಕಿದ್ದು ನಿಜವಾ?’’ ಎಂದು ಕೇಳಿದ್ದಿರಿ. ಮೊಸಳೆ ಮೀನು ತಿನ್ನುವ ಪ್ರಾಣಿ, ಕೆರೆಯಲ್ಲಿ ಮೀನಿದೆ, ರಾತ್ರಿ ನೀರಡಿಯಲ್ಲಿ ಅದು ಏನು ತಿನ್ನುತ್ತಿತ್ತೆಂದು ನಾವು ನೋಡಿದವರಲ್ಲ ಎಂದಿದ್ದೆ. ನಿಮಗೆ ಅದು ಸಾಕಾಗಲಿಲ್ಲ, ಇವತ್ತು ಪೂರ್ತಿ ಹೇಳುತ್ತೇನೆ. ಅದು ಮೀನು ತಿಂದಿದ್ದರೆ ಅನಂತಪದ್ಮನಾಭನ ಮಹಿಮೆಗೆ ಏನೂ ಕಡಿಮೆಯಾಗುವುದಿಲ್ಲ. ಬೇರೆ ಕಡೆಗಳಲ್ಲಿ ಜನ ಮೊಸಳೆ ಕಂಡರೆ ಕಲ್ಲು ಎತ್ತಿಕೊಳ್ಳುತ್ತಾರೆ. ಇಲ್ಲಿ ಒಂದು ಮೊಸಳೆ ದಶಕಗಳ ಕಾಲ ಮನುಷ್ಯರ ನಡುವೆ ಬದುಕಿ ಮುದಿಯಾಗಿ ಸತ್ತಿತು, ಮೆರವಣಿಗೆಯಲ್ಲಿ ಹೋಗಿ ಮಣ್ಣಾಯಿತು. ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದ ಪ್ರಾಣಿಯನ್ನು ಕಾವಲುಗಾರರಿಲ್ಲದೆ ಕಾಪಾಡಿದ್ದು ಭಕ್ತಿ. ಅದಕ್ಕೆ ಸಸ್ಯಾಹಾರದ ಪ್ರಮಾಣಪತ್ರ ಯಾಕೆ ಬೇಕು?

ಪ್ರಮಾಣಪತ್ರ ಎಂದಾಗ ನೆನಪಾಯಿತು. ಕುಂಕುಮದಲ್ಲಿ ವಿದ್ಯುತ್ ಇದೆ, ಗಂಟೆಯ ಸದ್ದಿಗೆ ರೋಗಾಣು ಸಾಯುತ್ತದೆ ಎಂದು ಮೊಬೈಲಿಗೆ ದಿನಾ ಬರುತ್ತದಲ್ಲ, ಅದನ್ನು ದಯವಿಟ್ಟು ಮುಂದೆ ಕಳಿಸಬೇಡಿ. ವಿಜ್ಞಾನಕ್ಕೆ ಅದು ಸುಳ್ಳು. ನಂಬಿಕೆಗೆ ಅದು ಅವಮಾನ, ಪ್ರಯೋಗಾಲಯದ ಮುದ್ರೆ ಬೀಳದೆ ನನ್ನ ದೇವರಿಗೆ ಬೆಲೆಯಿಲ್ಲ ಎಂದು ನಾವೇ ಹೇಳಿದ ಹಾಗೆ. ನನ್ನ ಅಮ್ಮ ಒಮ್ಮೆಯೂ ದರ್ಭೆಗೆ ವೈಜ್ಞಾನಿಕ ಕಾರಣ ಕೇಳಿದವರಲ್ಲ. ಅದು ಅವರಿಗೆ ಅವರ ಅಮ್ಮ ಕಲಿಸಿದ್ದು, ಅಷ್ಟು ಸಾಕಾಗಿತ್ತು.

ಇದನ್ನು ಚೆನ್ನಾಗಿ ಅರಿತಿದ್ದ ಒಬ್ಬರು ಬೆಲ್ಜಿಯಂನ ಪಾದ್ರಿ ಜಾರ್ಜ್ ಲಮೈತ್ರ. ವಿಶ್ವ ಹಿಗ್ಗುತ್ತಿದೆ, ಅದಕ್ಕೊಂದು ಆದಿ ಇದ್ದೀತು ಎಂಬ ವಿಚಾರವನ್ನು ಮುಂದಿಟ್ಟವರು. 1951ರಲ್ಲಿ ಪೋಪರು ಆ ಸಿದ್ಧಾಂತ ಸೃಷ್ಟಿಯ ಕಥೆಗೆ ಸಾಕ್ಷಿ ಎಂಬಂತೆ ಮಾತಾಡಿದಾಗ ಸಂತೋಷಪಡಬೇಕಾಗಿದ್ದ ಪಾದ್ರಿಯೇ ಅಸಮಾಧಾನಗೊಂಡರು. ನಮ್ಮ ಶ್ರೀನಿವಾಸ ರಾಮಾನುಜನ್ ತಮ್ಮ ಸೂತ್ರಗಳು ನಾಮಕ್ಕಲ್ಲಿನ ನಾಮಗಿರಿ ದೇವಿಯ ಅನುಗ್ರಹ ಎಂದು ನಂಬಿದ್ದರು. ಅವುಗಳಲ್ಲಿ ಬಹಳಷ್ಟು ಸರಿಯಾಗಿದ್ದವು. ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಮೊದಲು ಹೇಳಿದ ಕೆಲವು ತಪ್ಪಾಗಿದ್ದವು. ದೇವಿಯ ಹೆಸರು ಹೇಳಿದರೆಂದು ಗಣಿತ ಸರಿಯಾದ್ದನ್ನು ತಳ್ಳಲಿಲ್ಲ, ತಪ್ಪನ್ನು ಒಪ್ಪಲೂ ಇಲ್ಲ. ಅವರ ಭಕ್ತಿ ಕೊನೆಯವರೆಗೂ ಹಾಗೇ ಇತ್ತು.

ಹೊತ್ತಾಯಿತು, ಕೊನೆಯ ಬಸ್ಸಿಗೆ ಹೋಗುವವರು ಇದ್ದೀರಿ. 2027ರ ಆಗಸ್ಟ್ 2ರಂದು ಮಧ್ಯಾಹ್ನದ ಮೇಲೆ ನಮಗೆ ಪಾರ್ಶ್ವ ಸೂರ್ಯಗ್ರಹಣ ಉಂಟು. ಆಟಿ ತಿಂಗಳು, ಮೋಡ ಇದ್ದರೆ ಏನೂ ಕಾಣದು. ಬಿಸಿಲು ಬಿದ್ದರೆ ನಮ್ಮ ಅಂಗಳಕ್ಕೆ ಬನ್ನಿ, ಹಲಸಿನ ಮರ ಹಾಗೇ ಇದೆ. ಈ ಸಲ ಬಳೆಯಲ್ಲ, ಅಂಚು ಕಚ್ಚಿದ ಬಿಲ್ಲೆಗಳು ಬೀಳುತ್ತವೆ. ಉಪವಾಸ ಇರುವವರಿಗೆ ಜಗಲಿಯಲ್ಲಿ ಚಾಪೆ ಹಾಕಿಸಿಡುತ್ತೇನೆ. ಅಲ್ಲಿಂದ ಅಂಗಳ ಚೆನ್ನಾಗಿ ಕಾಣುತ್ತದೆ.